ಬೆಳಗಾವಿಯಿಂದ ಸ್ಟಟ್‌ಗಾರ್ಟ್ ಕಡೆ ಹೊರಟಿದ್ದೇನೆ: ಮನೆ ಎಲ್ಲಿ ಹಿಡಿಯಲಿ, ಆಫೀಸಿಗೆ ಓಡಾಟ ಹೇಗೆ?

ಅನಗೋಳದವ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯ ಅನಗೋಳದವನು. ಏಳು ವರ್ಷದಿಂದ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಹೈಡ್ರಾಲಿಕ್ ವಾಲ್ವ್ ಡಿಸೈನ್ ಮಾಡುತ್ತಿದ್ದೇನೆ. ಈಗ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ. ಸ್ಟಟ್‌ಗಾರ್ಟ್ ಪಕ್ಕದಲ್ಲಿ ಬೋಬ್ಲಿಂಗನ್ ಅಂತ ಊರಿದೆ. ಅಲ್ಲಿಯ ಹುಲ್ಬ್ ಅನ್ನುವ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆಫೀಸು. ವೀಸಾ ಬಂದಿದೆ. 2026ರ ಮಾರ್ಚ್ 2, ಸೋಮವಾರ ಜಾಯಿನ್ ಆಗಬೇಕು. ಕಂಪನಿಯವರು ಮೊದಲ 4 ವಾರ ಇರಲು ಜಾಗ ಕೊಡುತ್ತಾರೆ. ಆಮೇಲೆ ನಮ್ಮ ಮನೆ ನಾವೇ ನೋಡಿಕೊಳ್ಳಬೇಕು.

ಇಲ್ಲಿ ನನ್ನ ಓಡಾಟ ಹೇಗಿದೆ ಅಂದರೆ, ಮನೆಯಿಂದ ಕಾರ್ಖಾನೆಗೆ ಬೈಕ್ ಮೇಲೆ ಹತ್ತು ನಿಮಿಷ. ರೈಲ್ವೆ ಗೇಟ್ ಹಾಕಿದ್ದರೆ ಇಪ್ಪತ್ತು. ಮಧ್ಯಾಹ್ನ ಊಟಕ್ಕೆ ಮನೆಗೇ ಬರುತ್ತೇನೆ. ಅವ್ವ ಬಿಸಿ ರೊಟ್ಟಿ ಬಡಿಯುತ್ತಿರುತ್ತಾಳೆ, ಮಗಳು ಬಾಗಿಲಲ್ಲೇ ನಿಂತಿರುತ್ತಾಳೆ. ಅವಳಿಗೆ ಈಗ ಮೂರು ವರ್ಷ. ಹೆಂಡತಿ, ಮಗಳು ಜೂನ್‌ನಲ್ಲಿ ಬರುತ್ತಾರೆ. ಅವ್ವ, ಅಪ್ಪ ಇಲ್ಲೇ ಇರುತ್ತಾರೆ.

ಹೆಂಡತಿ ಸಂಬಳ ಎಷ್ಟು ಅಂತ ಒಮ್ಮೆಯೂ ಕೇಳಿಲ್ಲ. ಅವಳು ಕೇಳುವುದು ಒಂದೇ ಮಾತು: "ಅಲ್ಲಿ ಸಂಜೆ ನೀವು ಎಷ್ಟು ಗಂಟೆಗೆ ಮನೆಗೆ ಬರ್ತೀರಿ?" ಗುರುತಿಲ್ಲದ ಊರಿನಲ್ಲಿ, ಭಾಷೆ ಬಾರದ ಕಡೆ, ಸಣ್ಣ ಮಗು ಇಟ್ಟುಕೊಂಡು ದಿನವೆಲ್ಲ ಒಬ್ಬಳೇ ಇರಬೇಕಲ್ವಾ. ಅವಳಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಈಗ ಕೇಳುವುದು ಇಷ್ಟು. ಸ್ಟಟ್‌ಗಾರ್ಟ್ ಊರೊಳಗೇ ಮನೆ ಮಾಡಲಾ? ಅಥವಾ ಆಫೀಸ್ ಕಡೆಯ ಸಣ್ಣ ಊರಿನಲ್ಲಾ? ಎಲ್ಲಾ ಸೇರಿ ತಿಂಗಳಿಗೆ 1,200 ಯೂರೋ ತನಕ ಬಾಡಿಗೆ ಕೊಡಬಲ್ಲೆ. ಕಾರ್ ಬೇಕೇ ಬೇಕಾ? ಜಾಹೀರಾತು ನೋಡಿದರೆ ಒಂದೂ ಅರ್ಥ ಆಗುತ್ತಿಲ್ಲ. ಒಂದೇ ಮನೆಗೆ ಎರಡು ಬಾಡಿಗೆ ಬರೆದಿರುತ್ತಾರೆ. ನಮ್ಮ ಬೆಳಗಾವಿಯಲ್ಲಿ ಗೇಟಿಗೆ ಬೋರ್ಡ್ ಹಾಕಿರುತ್ತಾರೆ, ಇಲ್ಲವೇ ಹಿಂದವಾಡಿಯ ಮಾವನೋ ಟಿಳಕವಾಡಿಯ ಗೆಳೆಯನೋ ಹೇಳುತ್ತಾನೆ. ಸಂಜೆ ಹೋಗಿ ನೋಡಿ, ಅಡ್ವಾನ್ಸ್ ಕೊಟ್ಟು, ಒಳ್ಳೆ ದಿನ ನೋಡಿ ಹಾಲು ಉಕ್ಕಿಸಿದರೆ ಆಯಿತು. ಅಲ್ಲಿ ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಿಲ್ಲ. ಇಲ್ಲಿಂದಲೇ ಈಗಲೇ ಬುಕ್ ಮಾಡಿಬಿಡಲಾ? ಅಲ್ಲಿ ಇದ್ದು ಬಂದವರು, ಈಗ ಇರುವವರು ದಯವಿಟ್ಟು ಹೇಳಿ.

ಇಬ್ರಾಹಿಂಪುರ ಗೇಟ್, ವಿಜಯಪುರ

ಅನಗೋಳದವರೇ, ಅಭಿನಂದನೆ. ನಾನು 2018ರಿಂದ 2023ರವರೆಗೆ ಅದೇ ಬೋಬ್ಲಿಂಗನ್‌ನಲ್ಲಿ ಕೆಲಸ ಮಾಡಿ ಈಗ ವಿಜಯಪುರಕ್ಕೆ ವಾಪಸ್ ಬಂದಿದ್ದೇನೆ. ನಿಮ್ಮ ಹೆಂಡತಿ ಕೇಳಿದ್ದೇ ಸರಿಯಾದ ಪ್ರಶ್ನೆ. ಆ ಪ್ರಶ್ನೆ ಹಿಡಿದುಕೊಂಡೇ ಮನೆ ಹುಡುಕಿ. ಊರಿನ ಹೆಸರು ನೋಡಬೇಡಿ, ರೈಲಿನ ಗೆರೆ ನೋಡಿ.

ನಾನು ಹೋದಾಗ ಇದನ್ನು ಯಾರೂ ಹೇಳಿರಲಿಲ್ಲ. ದೊಡ್ಡ ಊರಿನಲ್ಲಿ ಇರೋಣ, ಇಂಡಿಯನ್ ಅಂಗಡಿ ಹತ್ತಿರ ಇರುತ್ತದೆ ಅಂತ ಸ್ಟಟ್‌ಗಾರ್ಟ್ ಒಳಗೆ ಮನೆ ಹಿಡಿದೆ. ಮ್ಯಾಪ್‌ನಲ್ಲಿ ಸ್ಟಾಪಿಗೆ 900 ಮೀಟರ್ ತೋರಿಸುತ್ತಿತ್ತು. ನಾನು ವಿಜಯಪುರದ ಬಯಲಿನಲ್ಲಿ ಬೆಳೆದವನು. ನಮ್ಮಲ್ಲಿ ಎಷ್ಟೋ ದೂರದಿಂದಲೇ ಗೋಳಗುಮ್ಮಟ ಕಾಣುತ್ತದೆ. 900 ಮೀಟರ್ ಅಂದರೆ ನನ್ನ ಲೆಕ್ಕಕ್ಕೆ ಹತ್ತು ನಿಮಿಷದ ನಡಿಗೆ. ಆದರೆ ಸ್ಟಟ್‌ಗಾರ್ಟ್ ಇರುವುದು ಬೋಗುಣಿಯಂಥ ತಗ್ಗಿನಲ್ಲಿ. ಸುತ್ತಲೂ ಗುಡ್ಡ. ಗುಡ್ಡದ ಮೈಮೇಲೆ ಮನೆಗಳು. ಮೇಲೆ ಕೆಳಗೆ ಓಡಾಡಲು ಊರ ತುಂಬಾ ನೂರಾರು ಮೆಟ್ಟಿಲು ದಾರಿಗಳಿವೆ. ಅವಕ್ಕೆ ಅಲ್ಲಿನವರು ಸ್ಟೆಫೆಲೆ ಅನ್ನುತ್ತಾರೆ. ನನ್ನ ದಾರಿಯಲ್ಲಿ 212 ಮೆಟ್ಟಿಲು. ಎಣಿಸಿದ್ದೇನೆ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ ಬೆಳಿಗ್ಗೆ 8ರ ಮೇಲೆ. ಏಳು ಗಂಟೆಗೆ ಕತ್ತಲಲ್ಲಿ, ಮಂಜು ಹೆಪ್ಪುಗಟ್ಟಿದ ಮೆಟ್ಟಿಲ ಮೇಲೆ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಡಬ್ಬಿ ಚೀಲ ಹಿಡಿದು ಇಳಿಯುತ್ತಿದ್ದೆ. ಕಂಬಿಯ ತಣ್ಣನೆ ಕೈಗವಸು ದಾಟಿ ಬೆರಳಿಗೆ ಹತ್ತುತ್ತಿತ್ತು.

ಕೆಳಗೆ ಬಂದ ಮೇಲೆ ಬಸ್ಸು. ಬಸ್ಸಿಂದ ಟ್ರಾಮ್. ಟ್ರಾಮ್‌ನಿಂದ ಎಸ್-ಬಾನ್, ಅಂದರೆ ಊರಿಂದ ಸುತ್ತಲಿನ ಊರುಗಳಿಗೆ ಹೋಗುವ ಲೋಕಲ್ ರೈಲು. ಆ್ಯಪ್ 48 ನಿಮಿಷ ಅನ್ನುತ್ತಿತ್ತು. ನನಗೆ ಆಗುತ್ತಿದ್ದದ್ದು ಒಂದು ಗಂಟೆ ಹತ್ತು ನಿಮಿಷ. ಬಸ್ಸು ಎರಡು ನಿಮಿಷ ತಡವಾದರೆ ಟ್ರಾಮ್ ತಪ್ಪುತ್ತದೆ. ಟ್ರಾಮ್ ತಪ್ಪಿದರೆ ರೈಲು ತಪ್ಪುತ್ತದೆ. ಹೊತ್ತು ಹೋಗುವುದು ಕಾಯುವುದರಲ್ಲಿ. ಒಂದೇ ಗಾಡಿಯಲ್ಲಿ ಕೂತು ಹೋಗುವುದಾದರೆ 40 ನಿಮಿಷವೂ ಸಲೀಸು. ಎರಡು ಕಡೆ ಬದಲಾಯಿಸುವ ಅರ್ಧ ಗಂಟೆಯ ದಾರಿ ಜೀವ ಹಿಂಡುತ್ತದೆ. ಆ ಒಂದೂವರೆ ವರ್ಷ ನನ್ನ ಮಗ ಎಚ್ಚರ ಇದ್ದಾಗ ನಾನು ಮನೆ ಸೇರಿದ್ದು ಕಡಿಮೆ. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ನಿಮ್ಮ ಅದೃಷ್ಟ ಚೆನ್ನಾಗಿದೆ. ಹುಲ್ಬ್‌ಗೇ ಎಸ್-ಬಾನ್ ಸ್ಟಾಪ್ ಇದೆ. ಎಸ್1 ಅನ್ನುವ ರೈಲು ಅಲ್ಲಿ ನಿಲ್ಲುತ್ತದೆ. ಒಂದು ಕಡೆ ಹೆರನ್‌ಬರ್ಗ್ ಅದರ ಕೊನೆಯ ಸ್ಟೇಷನ್. ಹೆರನ್‌ಬರ್ಗ್‌ನಿಂದ ಹೊರಟರೆ ನುಫ್ರಿಂಗನ್, ಗೆರ್ಟ್ರಿಂಗನ್, ಏನಿಂಗನ್, ಹುಲ್ಬ್, ಬೋಬ್ಲಿಂಗನ್, ಆಮೇಲೆ ವಾಯಿಂಗನ್, ಸ್ಟಟ್‌ಗಾರ್ಟ್ ದೊಡ್ಡ ಸ್ಟೇಷನ್, ಅಲ್ಲಿಂದ ಮುಂದೆ ಎಸ್‌ಲಿಂಗನ್ ಕಡೆಗೆ. ಈ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿ. ಈ ಗೆರೆಯ ಮೇಲೆ, ಸ್ಟೇಷನ್‌ನಿಂದ ಹತ್ತು ನಿಮಿಷ ನಡೆಯುವಷ್ಟರಲ್ಲಿ ಮನೆ ಸಿಕ್ಕರೆ ಸಾಕು. ನಾನು ಆಮೇಲೆ ಏನಿಂಗನ್‌ಗೆ ಬಂದೆ. ಬದುಕೇ ಬೇರೆ ಆಯಿತು. ಸಂಜೆ ಮಗನನ್ನು ಕರೆದುಕೊಂಡು ಆಟದ ಬಯಲಿಗೆ ಹೋಗುತ್ತಿದ್ದೆ. ಬಾಡಿಗೆಯೂ ಸ್ಟಟ್‌ಗಾರ್ಟ್ ಮನೆಗಿಂತ ಕಡಿಮೆ ಇತ್ತು.

ಒಂದು ಎಚ್ಚರ. ಸ್ಟಟ್‌ಗಾರ್ಟ್ ದೊಡ್ಡ ಸ್ಟೇಷನ್ ಕಟ್ಟುವ ಕೆಲಸ 2010ರಲ್ಲಿ ಶುರುವಾದದ್ದು. ಅದರ ಸಲುವಾಗಿ ಈಚಿನ ವರ್ಷಗಳಲ್ಲಿ ಬೇಸಿಗೆ ರಜೆಯಲ್ಲಿ ಊರ ನಡುವಿನ ಎಸ್-ಬಾನ್ ಸುರಂಗವನ್ನು ವಾರಗಟ್ಟಲೆ ಮುಚ್ಚಿದ್ದುಂಟು. ಆಗ ಬದಲಿ ಬಸ್ಸಿನಲ್ಲಿ ಹೋಗಬೇಕು. ನೀವು ಹೆರನ್‌ಬರ್ಗ್ ಕಡೆ ಇದ್ದರೆ ಆಫೀಸಿಗೆ ಹೋಗಲು ಆ ಸುರಂಗ ದಾಟುವ ಪ್ರಶ್ನೆಯೇ ಇಲ್ಲ. ಅದಕ್ಕೂ ಆ ಕಡೆಯೇ ಹುಡುಕಿ ಅನ್ನುತ್ತೇನೆ.

ಕಾರ್ ಸದ್ಯಕ್ಕೆ ಬೇಡ. ಡಾಯ್ಚ್‌ಲಾಂಡ್‌ಟಿಕೆಟ್ ಅಂತ ತಿಂಗಳ ಪಾಸ್ ಇದೆ. 2023ರ ಮೇನಲ್ಲಿ ಶುರುವಾದಾಗ 49 ಯೂರೋ ಇತ್ತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ದೇಶದಲ್ಲೆಲ್ಲ ಬಸ್ಸು, ಟ್ರಾಮ್, ಎಸ್-ಬಾನ್, ಊರಿಂದ ಊರಿಗೆ ಹೋಗುವ ಸಾದಾ ರೈಲು, ಎಲ್ಲದಕ್ಕೂ ಅದೊಂದೇ ಸಾಕು. ಐಸಿಇ, ಐಸಿಯಂಥ ದೂರದ ವೇಗದ ರೈಲುಗಳಿಗೆ ಮಾತ್ರ ನಡೆಯುವುದಿಲ್ಲ. ಕಂಪನಿಯ ಎಚ್‌ಆರ್‌ಗೆ "ಜಾಬ್ ಟಿಕೆಟ್ ಇದೆಯಾ" ಅಂತ ಕೇಳಿ. ಕಂಪನಿ ಕಾಲು ಭಾಗ ಹಾಕಿದರೆ ಮೇಲೆ ಇನ್ನೂ 5% ಇಳಿಯುತ್ತದೆ. ಬೇಡ ಅನಿಸಿದರೆ ಆ ತಿಂಗಳ 10ರೊಳಗೆ ರದ್ದು ಮಾಡಬೇಕು, ಇಲ್ಲದಿದ್ದರೆ ಮುಂದಿನ ತಿಂಗಳ ದುಡ್ಡೂ ಕಟ್ ಆಗುತ್ತದೆ. ಪಾಸ್ ಫೋನಿನಲ್ಲಿ ಇರುತ್ತದೆ, ಹಾಗಾಗಿ ಬ್ಯಾಟರಿ ಇಟ್ಟುಕೊಳ್ಳಿ. ಟಿಕೆಟ್ ಇಲ್ಲದೆ ಸಿಕ್ಕರೆ ದಂಡ 60 ಯೂರೋ.

ನವನಗರದ ಅಕ್ಕ, ಬಾಗಲಕೋಟೆ (ಈಗ ಎಸ್‌ಲಿಂಗನ್)

ತಮ್ಮಾ, ವಿಜಯಪುರದ ಅಣ್ಣಾವ್ರು ರೈಲಿನ ವಿಷಯ ಪೂರ್ತಿ ಹೇಳಿದ್ದಾರೆ. ನಾನು ಮನೆಯ ವಿಷಯ ಹೇಳುತ್ತೇನೆ. ನಾವು ಇಲ್ಲಿಗೆ ಬಂದು ಎಂಟು ವರ್ಷ ಆಯಿತು.

ಎರಡು ಬಾಡಿಗೆ ಯಾಕೆ ಅಂದರೆ, ಕಾಲ್ಟ್‌ಮೀಟೆ ಅಂದರೆ ಬರೀ ಗೋಡೆಯ ಬಾಡಿಗೆ. ವಾರ್ಮ್‌ಮೀಟೆ ಅಂದರೆ ಹೀಟರ್, ನೀರು, ಕಸ ಎಲ್ಲಾ ಸೇರಿದ್ದು. ನಿನ್ನ 1,200 ಅನ್ನು ಈ ಎರಡನೆಯದಕ್ಕೆ ಹೋಲಿಸು. ಅದರಲ್ಲೂ ಕರೆಂಟ್, ಇಂಟರ್ನೆಟ್ ಸಾಮಾನ್ಯವಾಗಿ ಬೇರೆ. ರೇಡಿಯೋ ಟಿವಿ ಶುಲ್ಕ ಅಂತ ಮನೆಗೆ ತಿಂಗಳಿಗೆ 18.36 ಯೂರೋ ಬರುತ್ತದೆ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ವರ್ಷಕ್ಕೊಮ್ಮೆ ಹೀಟರ್, ನೀರಿನ ಲೆಕ್ಕ ಹಾಕುತ್ತಾರೆ. ಜಾಸ್ತಿ ಬಳಸಿದ್ದರೆ ಮೇಲೆ ಕೊಡಬೇಕು. ಹಾಗಾಗಿ ಮೊದಲ ವರ್ಷ ಒಂದಿಷ್ಟು ದುಡ್ಡು ತೆಗೆದಿಡು.

"2 ಟ್ಸಿಮ್ಮರ್" ಅಂದರೆ ಎರಡು ಬೆಡ್‌ರೂಮ್ ಅಲ್ಲ. ಹಾಲ್ ಕೂಡ ಲೆಕ್ಕಕ್ಕೆ ಬರುತ್ತದೆ. ಅದು ನಮ್ಮ ಒನ್ ಬಿಎಚ್‌ಕೆ. ಮಗು ಇದೆ, ಮುಂದೆ ಅವ್ವ ಅಪ್ಪ ಬಂದು ಎರಡು ತಿಂಗಳು ಇರಲಿ ಅನಿಸುತ್ತದೆ, ಅಲ್ವಾ? ಹಾಗಿದ್ದರೆ 3 ಟ್ಸಿಮ್ಮರ್ ನೋಡು.

ಅಡುಗೆಮನೆ ಕತೆ ಎಲ್ಲರೂ ಮೊದಲೇ ಕೇಳಿರಬೇಕು. ಇಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ಖಾಲಿ ಕೋಣೆ, ಗೋಡೆಯಲ್ಲಿ ಒಂದು ನಲ್ಲಿ ಪೈಪು. ಕಟ್ಟೆ ಇಲ್ಲ, ಸಿಂಕ್ ಇಲ್ಲ, ಒಲೆ ಇಲ್ಲ. ನಾವು ನವೆಂಬರ್‌ನಲ್ಲಿ ಸಂಜೆ ಆರಕ್ಕೆ ಬೀಗದ ಕೈ ತಗೊಂಡು ಒಳಗೆ ಹೋದೆವು. ಸ್ವಿಚ್ ಒತ್ತಿದೆ, ಬೆಳಕಿಲ್ಲ. ಫೋನಿನ ಟಾರ್ಚ್ ಹಿಡಿದು ಮೇಲೆ ನೋಡಿದರೆ ಸೂರಿನಿಂದ ಮೂರು ವೈರ್ ಜೋತಾಡುತ್ತಿವೆ. ಹಿಂದೆ ಇದ್ದವರು ದೀಪವನ್ನೂ ಬಿಚ್ಚಿಕೊಂಡು ಹೋಗಿದ್ದರು. ಇಲ್ಲಿ ಅದು ರೂಢಿ, ತಪ್ಪಲ್ಲ. ಊರಿಂದ ತಂದ ಇಂಡಕ್ಷನ್ ಒಲೆಯನ್ನು ನೆಲದ ಮೇಲಿಟ್ಟು, ಟಾರ್ಚ್ ಬೆಳಕಿನಲ್ಲಿ ಅವಲಕ್ಕಿ ಒಗ್ಗರಣೆ ಹಾಕಿದೆ. ಪಾತ್ರೆ ತೊಳೆದದ್ದು ಬಚ್ಚಲಲ್ಲಿ. ಅದರಿಂದ ಹೇಳುತ್ತೇನೆ, ಜಾಹೀರಾತಿನಲ್ಲಿ ಐನ್‌ಬೌಕ್ಯುಶೆ ಅಂತ ಇದ್ದರೆ ಅಡುಗೆಮನೆ ಜೋಡಿಸಿದೆ ಅಂತ ಅರ್ಥ. ಇಲ್ಲದಿದ್ದರೆ ಬಿಟ್ಟುಹೋಗುವವರನ್ನೇ ಕೇಳು, ಹಳೇ ಅಡುಗೆಮನೆ ಮಾರುತ್ತೀರಾ ಅಂತ. ಹೊಸದು ಹಾಕಿಸಲು ಹೋದರೆ ಸಾವಿರಾರು ಯೂರೋ, ಜೊತೆಗೆ ವಾರಗಟ್ಟಲೆ ಕಾಯಬೇಕು.

ಡಿಪಾಸಿಟ್‌ಗೆ ಕೌಟ್ಸಿಯೋನ್ ಅನ್ನುತ್ತಾರೆ. ಕಾಲ್ಟ್‌ಮೀಟೆಯ ಮೂರು ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ, ಕಾನೂನು ಇದೆ. ಅದನ್ನು ಮೂರು ಸಮ ಕಂತಿನಲ್ಲಿ ಕೊಡುವ ಹಕ್ಕೂ ನಿನಗಿದೆ. ಮೊದಲ ಕಂತು ಬಾಡಿಗೆ ಶುರುವಾದಾಗ. ಒಳಗೆ ಹೋಗುವ ದಿನ ಮಾಲೀಕರ ಜೊತೆ ಕೋಣೆ ಕೋಣೆ ತಿರುಗಿ ಗೋಡೆಯ ಗೀರು, ನೆಲದ ಕಲೆ, ಮೀಟರ್ ರೀಡಿಂಗ್ ಎಲ್ಲಾ ಬರೆಸು, ಫೋಟೋ ತೆಗೆ. ಬಿಟ್ಟು ಬರುವಾಗ ಡಿಪಾಸಿಟ್ ವಾಪಸ್ ಬರುವುದು ಆ ಹಾಳೆಯ ಮೇಲೆ.

ಮನೆ ಸಿಕ್ಕ ಮೇಲೆ ಎರಡು ವಾರದೊಳಗೆ ಆ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದೇ ಆನ್‌ಮೆಲ್ಡುಂಗ್. ಮಾಲೀಕರು ಸಹಿ ಮಾಡಿದ ಕಾಗದ ಬೇಕು. ಅದಾದ ಮೇಲೆಯೇ ಟ್ಯಾಕ್ಸ್ ನಂಬರ್ ಅಂಚೆಯಲ್ಲಿ ಬರುತ್ತದೆ. ನಂಬರ್ ಬರದಿದ್ದರೆ ಸಂಬಳದಲ್ಲಿ ಟ್ಯಾಕ್ಸ್ ಜಾಸ್ತಿ ಹಿಡಿಯಬಹುದು. ಅದಕ್ಕೆ ಕಂಪನಿ ಕೊಡುವ ನಾಲ್ಕು ವಾರದ ಜಾಗದಲ್ಲಿ ಆನ್‌ಮೆಲ್ಡುಂಗ್ ಮಾಡಲು ಬರುತ್ತದಾ ಅಂತ ಇವತ್ತೇ ಮೇಲ್ ಹಾಕಿ ಕೇಳು.

ಇನ್ನೊಂದು. ನಮ್ಮ ನವನಗರದಲ್ಲಿ ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಹೇಳಿದರೆ ಪೋಸ್ಟ್‌ಮನ್ ಬಂದೇ ಬರುತ್ತಾನೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆಗಳು ಹೋಗಿ ಹೊಸದಾಗಿ ಕಟ್ಟಿದ ಊರಲ್ವಾ, ಎಲ್ಲದಕ್ಕೂ ನಂಬರ್. ಇಲ್ಲಿ ಕಟ್ಟಡಕ್ಕೆ ನಂಬರ್ ಇದೆ, ಒಳಗಿನ ಮನೆಗೆ ಸಾಮಾನ್ಯವಾಗಿ ಇಲ್ಲ. ಅಂಚೆ ಡಬ್ಬಿ ಮೇಲಿನ ಹೆಸರೇ ವಿಳಾಸ. ಹೆಸರು ಅಂಟಿಸದಿದ್ದರೆ ಕಾಗದ ವಾಪಸ್. ನಿನ್ನ ಅಡ್ಡಹೆಸರು, ಹೆಂಡತಿಯ ಅಡ್ಡಹೆಸರು ಬೇರೆ ಇದ್ದರೆ ಎರಡನ್ನೂ ಹಾಕಿಸು.

ಮಗಳ ವಿಷಯ ಮರೆಯಬೇಡ. ಒಂದು ವರ್ಷ ತುಂಬಿದ ಮಕ್ಕಳಿಗೆ ಕೀಟಾ, ಅಂದರೆ ಶಿಶುವಿಹಾರದಲ್ಲಿ ಜಾಗ ಸಿಗಬೇಕು ಅಂತ ಕಾನೂನಿದೆ. ಆದರೂ ಕಾಯುವ ಪಟ್ಟಿ ಉದ್ದ. ಸಾಮಾನ್ಯವಾಗಿ ನೀನು ಇರುವ ಊರಿನ ಕಚೇರಿಯೇ ಜಾಗ ಕೊಡುತ್ತದೆ. ಊರು ಬದಲಾದರೆ ಪಟ್ಟಿ ಮತ್ತೆ ಮೊದಲಿಂದ. ಹಾಗಾಗಿ ಸದ್ಯಕ್ಕೊಂದು ಮನೆ, ಆಮೇಲೆ ಬೇರೆ ಊರಿಗೆ ಅಂತ ಯೋಚನೆ ಮಾಡಬೇಡ.

ಅನಗೋಳದವ, ಬೆಳಗಾವಿ

ಅಣ್ಣಾವ್ರೇ, ಅಕ್ಕಾವ್ರೇ, ಇಬ್ಬರಿಗೂ ಕೈ ಮುಗಿಯುತ್ತೇನೆ. ಸ್ಟೇಷನ್ ಹೆಸರುಗಳನ್ನು ಬರೆದು ಕ್ಯಾಲೆಂಡರ್ ಪಕ್ಕ ಹಚ್ಚಿದ್ದೇನೆ. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಓದುತ್ತಿದ್ದಾರೆ.

ಒಂದು ಅರ್ಜೆಂಟ್ ಪ್ರಶ್ನೆ. ನಿನ್ನೆ ಬೋಬ್ಲಿಂಗನ್‌ನಲ್ಲೇ ಒಂದು ಮನೆ ಕಾಣಿಸಿತು. 3 ಕೋಣೆ, ಫರ್ನಿಚರ್ ಎಲ್ಲಾ ಇದೆ, 650 ಯೂರೋ. ಮೇಲ್ ಹಾಕಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಮಾಲೀಕರು ಈಗ ಬೇರೆ ದೇಶದಲ್ಲಿ ಇದ್ದಾರಂತೆ. ಎರಡು ತಿಂಗಳ ಬಾಡಿಗೆ ಕಳಿಸಿದರೆ ಬೀಗದ ಕೈ ಕೊರಿಯರ್ ಮಾಡುತ್ತಾರಂತೆ. ಪಾಸ್‌ಪೋರ್ಟ್ ಕಾಪಿಯನ್ನೂ ಕಳಿಸಿದ್ದಾರೆ. ನಾಳೆಯೊಳಗೆ ಕಳಿಸಿ, ಬೇರೆಯವರು ಕಾಯುತ್ತಿದ್ದಾರೆ ಅಂತಿದ್ದಾರೆ.

ನವನಗರದ ಅಕ್ಕ, ಬಾಗಲಕೋಟೆ (ಈಗ ಎಸ್‌ಲಿಂಗನ್)

ಕಳಿಸಬೇಡ. ಒಂದು ಪೈಸೆಯನ್ನೂ ಕಳಿಸಬೇಡ. ನಿನ್ನ ಪಾಸ್‌ಪೋರ್ಟ್ ಕಾಪಿಯನ್ನೂ ಕೊಡಬೇಡ.

2017ರಲ್ಲಿ ನಾವು ಹೀಗೇ 900 ಯೂರೋ ಕಳೆದುಕೊಂಡೆವು. ಅದೇ ಮಾತು, ಬೇರೆ ದೇಶದಲ್ಲಿ ಇದ್ದೇನೆ, ಬೀಗದ ಕೈ ಕೊರಿಯರ್ ಮಾಡುತ್ತೇನೆ. ನಾನು ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಸೂಟ್‌ಕೇಸ್ ಜೊತೆ ಆ ವಿಳಾಸದ ಮುಂದೆ ನಿಂತಿದ್ದೆ. ಬೆಲ್ ಒತ್ತಿದರೆ ಒಬ್ಬ ಅಜ್ಜ ಬಾಗಿಲು ತೆಗೆದರು. ಇಪ್ಪತ್ತು ವರ್ಷದಿಂದ ಅವರೇ ಆ ಮನೆಯಲ್ಲಿ ಇದ್ದರು. ಪಾಪ, ಒಳಗೆ ಕರೆದು ನೀರು ಕೊಟ್ಟರು. ಇಲ್ಲಿ ಯಾವ ಸರಿಯಾದ ಮಾಲೀಕರೂ ಮನೆ ತೋರಿಸುವ ಮೊದಲು ದುಡ್ಡು ಕೇಳುವುದಿಲ್ಲ. ಮನೆ ನೋಡಬೇಕು, ಕರಾರಿಗೆ ಇಬ್ಬರೂ ಸಹಿ ಮಾಡಬೇಕು, ಆಮೇಲೆ ದುಡ್ಡು. ಆ ಕಡೆ ಮೂರು ಕೋಣೆ ಫರ್ನಿಚರ್ ಸಮೇತ 650ಕ್ಕೆ ಸಿಗುವುದಿಲ್ಲ, ಅದೇ ಮೊದಲ ಗುರುತು.

ಬೆಳಗಾವಿಯಲ್ಲಿ ಕೂತು ಮಾಡಬೇಕಾದದ್ದು ಬೇರೆ ಇದೆ. ಒಂದು ಪುಟದ ಪರಿಚಯ ಪತ್ರ ಜರ್ಮನ್‌ನಲ್ಲಿ ಬರೆಸು. ಯಾರು, ಏನು ಕೆಲಸ, ಮನೆಯಲ್ಲಿ ಎಷ್ಟು ಜನ, ಸಿಗರೇಟ್ ಇಲ್ಲ, ನಾಯಿ ಇಲ್ಲ. ಕೆಲಸದ ಕರಾರು, ಕಂಪನಿ ಪತ್ರ ಒಂದೇ ಫೈಲ್ ಮಾಡು. ಇಲ್ಲಿ ಎಲ್ಲರೂ ಶೂಫಾ ಕೇಳುತ್ತಾರೆ, ಅಂದರೆ ಸಾಲ ತೀರಿಸಿದ ದಾಖಲೆ, ನಮ್ಮ ಸಿಬಿಲ್ ಇದ್ದ ಹಾಗೆ. ಹೊಸದಾಗಿ ಬಂದವರ ಹತ್ತಿರ ಅದು ಇರುವುದಿಲ್ಲ. ಅದನ್ನು ನೀನೇ ಮೊದಲು ಹೇಳಿ, ಅದರ ಬದಲು ಕಂಪನಿ ಪತ್ರ ಕೊಡು. ಫೋನ್ ನಂಬರ್ ಇದ್ದರೆ ಮೇಲ್ ಬಿಟ್ಟು ಫೋನ್ ಮಾಡು. ತಡವರಿಸುವ ಜರ್ಮನ್ ಆದರೂ ಪರವಾಗಿಲ್ಲ, ದನಿ ಕೇಳಿದರೆ ನಂಬಿಕೆ ಬರುತ್ತದೆ.

ಖಾನಾಪುರ ರಸ್ತೆ, ಬೆಳಗಾವಿ

ಕಾರ್ ಬಗ್ಗೆ ಎರಡು ಮಾತು. ನಾನು ಮ್ಯೂನಿಕ್‌ನಲ್ಲಿ ಮೂರು ವರ್ಷ ಇದ್ದೆ. ನಮ್ಮ ಲೈಸನ್ಸ್ ಅಲ್ಲಿ ನೆಲೆಸಿದ ದಿನದಿಂದ 6 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಕೊಡಬೇಕು. ಬರೆಯುವುದನ್ನು ಇಂಗ್ಲಿಷ್‌ನಲ್ಲಿ ಬರೆಯಬಹುದು. ದುಡ್ಡು ಚೆನ್ನಾಗಿಯೇ ಖರ್ಚಾಗುತ್ತದೆ. ಲೈಸನ್ಸ್ ತಗೊಂಡು ಹೋಗಿ, ಆದರೆ ಕಾರ್ ನಂಬಿಕೊಂಡು ಸ್ಟೇಷನ್ ಇಲ್ಲದ ಹಳ್ಳಿಯಲ್ಲಿ ಮನೆ ಹಿಡಿಯಬೇಡಿ. ನಾನು ಹಿಡಿದಿದ್ದೆ. ಏಳನೇ ತಿಂಗಳು ಗಂಟೆಗೊಂದು ಬಸ್ಸಿಗೆ ನಿಲ್ಲಬೇಕಾಯಿತು.

ಅನಗೋಳದವ, ಈಗ ಗೆರ್ಟ್ರಿಂಗನ್

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಮುಗಿಯುತ್ತಾ ಬಂತು. ಮನೆ ಸಿಕ್ಕಿತು. ನಿಮಗೆ ತಿಳಿಸದೆ ಇರಲು ಮನಸ್ಸಾಗಲಿಲ್ಲ.

47 ಕಡೆ ಅರ್ಜಿ ಹಾಕಿದೆ. ಉತ್ತರ ಬಂದದ್ದು 12. ನೋಡಿದ ಮನೆ 7. ಒಂದು ಕಡೆಯಂತೂ ಮೆಟ್ಟಿಲ ಮೇಲೆ 20-25 ಜನ ಫೈಲ್ ಹಿಡಿದು ಸಾಲು ನಿಂತಿದ್ದರು. ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ವಾರ ಮುಗಿದ ಮೇಲೆ ಕಂಪನಿಯವರನ್ನು ಕೇಳಿ ಎರಡು ವಾರ ಜಾಸ್ತಿ ಮಾಡಿಸಿಕೊಂಡೆ, ಅದರ ದುಡ್ಡು ನಾನೇ ಕೊಟ್ಟೆ.

ಕೊನೆಗೆ ಅಕ್ಕಾವ್ರು ಹೇಳಿದ ಹಾಗೆ ಫೋನ್ ಮಾಡಿದ್ದೇ ಕೆಲಸಕ್ಕೆ ಬಂತು. ಮಾಲೀಕರು ಒಬ್ಬ ಅಜ್ಜಿ. ಕೆಳಗಿನ ಮನೆಯಲ್ಲೇ ಇದ್ದಾರೆ. ನಾಲ್ಕು ವಾಕ್ಯ ಜರ್ಮನ್ ಬರೆದಿಟ್ಟುಕೊಂಡು ಓದಿದೆ. ಅವರು ನಿಧಾನಕ್ಕೆ ಮಾತಾಡಿದರು. ಮನೆ ನೋಡಲು ಹೋದಾಗ ಮೊದಲು ಕೇಳಿದ್ದು "ಅಡುಗೆ ಮಾಡುವಾಗ ಕಿಟಕಿ ತೆಗೆಯುತ್ತೀರಾ" ಅಂತ. ಇಲ್ಲಿ ಚಳಿಗೆ ಕಿಟಕಿ ಮುಚ್ಚಿಟ್ಟರೆ ಒಳಗಿನ ಹಸಿಗೆ ಗೋಡೆ ಬೂಷ್ಟು ಹಿಡಿಯುತ್ತದೆ. ದಿನಕ್ಕೆ ಎರಡು ಮೂರು ಸಲ ಐದೈದು ನಿಮಿಷ ಎಲ್ಲಾ ಕಿಟಕಿ ಪೂರ್ತಿ ತೆಗೆಯಬೇಕು ಅಂತ ಅವರೇ ತೆಗೆದು ತೋರಿಸಿದರು. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತೇವೆ, ಹೊಗೆ ಆಗುತ್ತದೆ, ಕಿಟಕಿ ತೆಗೆದೇ ಮಾಡುತ್ತೇವೆ ಅಂತ ಇದ್ದದ್ದು ಹೇಳಿದೆ. ಮರುದಿನ ಅವರೇ ಫೋನ್ ಮಾಡಿ ಮನೆ ನಿಮಗೆ ಅಂದರು. ಬೀಗದ ಕೈ ತಗೊಳ್ಳುವ ದಿನ ಗೋಕಾಕ ಕರದಂಟಿನ ಡಬ್ಬಿ ಕೊಟ್ಟೆ.

3 ಕೋಣೆ, 68 ಚದರ ಮೀಟರ್. ಕಾಲ್ಟ್ 880, ವಾರ್ಮ್ 1,130. ಅಡುಗೆಮನೆಯನ್ನು ಹಿಂದಿನವರಿಂದ 600ಕ್ಕೆ ಕೊಂಡೆ. ಒಲೆಯ ಒಂದು ಗುಂಡಿ ತಿರುಗುವುದಿಲ್ಲ, ಉಳಿದ ಮೂರು ಚೆನ್ನಾಗಿವೆ. ಡಿಪಾಸಿಟ್ ಮೂರು ಕಂತು ಅಂದಾಗ ಅಜ್ಜಿ ಸಹಜವಾಗಿ ಒಪ್ಪಿಕೊಂಡರು.

ಅಂಚೆ ಡಬ್ಬಿಗೆ ಹೆಸರು ಬರೆಯುವಾಗ ನನ್ನ ಅಡ್ಡಹೆಸರಿನ ಒಂದೊಂದು ಅಕ್ಷರ ಕೇಳಿ ಕೇಳಿ ಬರೆದರು. ಆಮೇಲೆ ಪೆನ್ ಕೆಳಗಿಡದೆ "ನಿಮ್ಮ ಹೆಂಡತಿದು?" ಅಂತ ಕೇಳಿದರು. ಅವಳು ಬರುವುದು ಜೂನ್‌ಗೆ ಅಂದೆ. ಈಗಲೇ ಇರಲಿ ಅಂತ ಬರೆದು ಅಂಟಿಸಿದರು. ಆ ಫೋಟೋ ಮನೆಗೆ ಕಳಿಸಿದೆ.

ಕಳೆದ ವಾರ ಬಾಗಿಲ ಹಿಡಿಕೆಗೆ ಒಂದು ಮರದ ಹಲಗೆ ನೇತಾಡುತ್ತಿತ್ತು, ಕೇರ್‌ವೋಹೆ ಅಂತ ಬರೆದಿತ್ತು. ಈ ವಾರ ಮೆಟ್ಟಿಲು, ಮುಂದಿನ ದಾರಿ ಗುಡಿಸಿ ಒರೆಸುವ ಪಾಳಿ ನನ್ನದು ಅಂತ ಅದರ ಅರ್ಥ. ಈ ಸ್ವಾಬಿಯ ಸೀಮೆಯ ಹಳೇ ಪದ್ಧತಿಯಂತೆ. ಶನಿವಾರ ಬೆಳಿಗ್ಗೆ ಮೂರು ಮಹಡಿಯ ಮೆಟ್ಟಿಲು ಒರೆಸಿ, ಹಲಗೆಯನ್ನು ಎದುರು ಮನೆಯ ಬಾಗಿಲಿಗೆ ಹಾಕಿದೆ. ಅವರು ಬಾಗಿಲು ತೆಗೆದು ಕೈ ಕುಲುಕಿದರು. ಅಲ್ಲಿ ತನಕ ಅವರ ಜೊತೆ ಮಾತೇ ಆಗಿರಲಿಲ್ಲ.

ಓಡಾಟ: ಮನೆಯಿಂದ ಸ್ಟೇಷನ್‌ಗೆ ಏಳು ನಿಮಿಷ, ಒಂದೂ ಮೆಟ್ಟಿಲಿಲ್ಲ. ಎಸ್1 ಹತ್ತಿದರೆ ಏನಿಂಗನ್, ಆಮೇಲೆ ಹುಲ್ಬ್. ಎರಡೇ ಸ್ಟಾಪ್. ಬಾಗಿಲಿಂದ ಬಾಗಿಲಿಗೆ 25 ನಿಮಿಷ. ರೈಲು ತಡವಾಗುತ್ತದೆ, ಕೆಲವು ಸಲ ಬರುವುದೇ ಇಲ್ಲ. ಆದರೆ ಕೆಲಸದ ಹೊತ್ತಿನಲ್ಲಿ ಹೆಚ್ಚಾಗಿ ಕಾಲು ಗಂಟೆಗೊಂದು ಇರುವುದರಿಂದ ಮುಂದಿನದು ಸಿಗುತ್ತದೆ.

ಸೋಮವಾರ ಸಂಜೆ ಸ್ಟೇಷನ್‌ನಲ್ಲಿ ಇಳಿದು ಹೆಂಡತಿಗೆ ವಿಡಿಯೋ ಕಾಲ್ ಹಚ್ಚಿದೆ. ಅನಗೋಳದಲ್ಲಿ ರಾತ್ರಿ 9 ಆಗುತ್ತಾ ಬಂದಿತ್ತು. ಬೇಕರಿ, ಆಟದ ಬಯಲು, ಶಿಶುವಿಹಾರದ ಹಸಿರು ಬೇಲಿ ಎಲ್ಲಾ ತೋರಿಸುತ್ತಾ ನಡೆದು ಬಂದು ಬಾಗಿಲಿಗೆ ಕೀಲಿ ಹಾಕಿದೆ. "ಎಷ್ಟಾಯ್ತು ಈಗ?" ಅಂದಳು. 5.25 ಅಂದೆ. ಹಿಂದಿನಿಂದ ಅವ್ವ "ಇನ್ನೂ ಬಿಸಿಲೈತಲ್ಲ!" ಅಂದಳು.

ಇಬ್ರಾಹಿಂಪುರ ಗೇಟ್, ವಿಜಯಪುರ

ಓದಿ ಕಣ್ಣು ತುಂಬಿ ಬಂತು. ಬಹಳ ಸಂತೋಷ. ಸಂಸಾರ ಬಂದ ಮೇಲೆ ಒಂದು ಭಾನುವಾರ ಹೆರನ್‌ಬರ್ಗ್‌ಗೆ ಹೋಗಿ, ಅಲ್ಲಿಂದ ರೈಲು ಬದಲಿಸಿ ಟ್ಯೂಬಿಂಗನ್‌ಗೆ ಹೋಗಿ ಬನ್ನಿ. ನಿಮ್ಮ ಪಾಸ್ ನಡೆಯುತ್ತದೆ. 1894ರಲ್ಲಿ ಕನ್ನಡ ನಿಘಂಟು ಹೊರತಂದ ಕಿಟೆಲ್ ತೀರಿಕೊಂಡದ್ದು ಆ ಊರಿನಲ್ಲಿ, 1903ರಲ್ಲಿ. ನಾನು ಮಗನನ್ನು ಕರೆದುಕೊಂಡು ಹೋಗಿದ್ದೆ. ನೆಕ್ಕರ್ ನದಿಯ ಸೇತುವೆ ಮೇಲೆ ನಿಂತು ಅವನಿಗೆ ಅ ಆ ಇ ಈ ಹೇಳಿಸಿದೆ.

ನವನಗರದ ಅಕ್ಕ, ಬಾಗಲಕೋಟೆ (ಈಗ ಎಸ್‌ಲಿಂಗನ್)

ನಮ್ಮ ಎಸ್‌ಲಿಂಗನ್‌ಗೂ ಬನ್ನಿ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತೆಗೆದ ಮೋಗ್ಲಿಂಗ್ ತೀರಿಕೊಂಡದ್ದು ಇಲ್ಲೇ. ಅದೇ ಎಸ್1, ಬದಲಾಯಿಸುವುದೇ ಬೇಡ, ಹತ್ತಿ ಕೂತರೆ ಆಯಿತು. ತಮ್ಮಾ, ಹೆಂಡತಿಗೆ ಹೇಳು, ಬರುವಾಗ ಬಟ್ಟೆ ಕಡಿಮೆ ಮಾಡಿ ಜೋಳದ ಹಿಟ್ಟು ಎರಡು ಕಿಲೋ ಜಾಸ್ತಿ ಇಟ್ಟುಕೊಳ್ಳಲಿ. ಕೀಟಾ ಅರ್ಜಿ ಹಾಕಿದೆಯಾ? ಅದನ್ನು ಬರೆದೇ ಇಲ್ಲ ನೀನು.

ಅನಗೋಳದವ, ಈಗ ಗೆರ್ಟ್ರಿಂಗನ್

ಹಾಕಿದ್ದೇನೆ ಅಕ್ಕಾ. ಆನ್‌ಮೆಲ್ಡುಂಗ್ ಮಾಡಿದ ದಿನವೇ ಅದೇ ಕಚೇರಿಯಲ್ಲಿ ಫಾರ್ಮ್ ಕೊಟ್ಟು ಬಂದೆ. ಸೆಪ್ಟೆಂಬರ್‌ಗೆ ನೋಡೋಣ ಅಂದಿದ್ದಾರೆ. ಹಿಟ್ಟಿನ ವಿಷಯ ಈಗಲೇ ಫೋನ್ ಮಾಡಿ ಹೇಳುತ್ತೇನೆ.